ರುದ್ರಮ್ಮನ ರೆಪ್ಪೆ

ರುದ್ರಮ್ಮನಿಗೆ ತನ್ನ ಹಳ್ಳಿಯ ಜನರ ಬಗ್ಗೆ ಒಳ್ಳೆಯ ಅಭಿಪ್ರಾಯ ಯಾವತ್ತೂ ಇರಲಿಲ್ಲ. ಹಗರೆಯಿಂದ ಮೂರು ಕಿಲೋಮೀಟರ್ ಒಳಗಿದ್ದ ಆ ಹಳ್ಳಿಯ ಹಾಲಿನ ಡೈರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದವಳಿಗೆ ಅಂಥ ಅಭಿಪ್ರಾಯ ಬರುವುದಕ್ಕೆ ಅವಕಾಶವೂ ಇರಲಿಲ್ಲ. ಹಣೆಗೆ ವಿಭೂತಿ ಬಳಿದುಕೊಂಡು, ಬಾಗಿಲ ಮೇಲಿನ ದೇವರ ಪಟಕ್ಕೆ ಕೈಮುಗಿದು ಒಳಗೆ ಬರುವವರೇ ಕ್ಯಾನಿನ ತುಂಬ ನೀರು ಬೆರೆಸಿಕೊಂಡು ಬರುತ್ತಿದ್ದರು. ಗಾಜಿನ ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟರೆ ಅದು ನಾಚಿಕೆಯಿಲ್ಲದೆ ತಳಕ್ಕೆ ಇಳಿಯುತ್ತಿತ್ತು.

"ನೆನ್ನೆ ಹಸ ಮಳೇಲಿ ನೆಂದಿತ್ತು ಕಣಕ್ಕ, ಅದ್ಕೇ ಡಿಗ್ರಿ ಕಮ್ಮಿ ಐತೆ" ಎಂದು ಒಬ್ಬ ಹೇಳಿದ್ದ.

"ಹಂಗಾರೆ ಹಸೂನ ಮೊದ್ಲು ಒಣಗಾಕು. ಆಮ್ಯಾಕೆ ಹಾಲು ಕರಿ" ಎಂದು ರುದ್ರಮ್ಮ ಕ್ಯಾನನ್ನು ಅವನ ಕಡೆಗೇ ತಳ್ಳಿದ್ದಳು.

ಡೈರಿಯ ಅಧ್ಯಕ್ಷ ತಿಮ್ಮಯ್ಯ ಈ ಕಳ್ಳರಲ್ಲೆಲ್ಲ ದೊಡ್ಡವನು. ನಾಲ್ಕು ಎಕರೆ ತೆಂಗು, ಆರು ಸೀಮೆಹಸು, ಊರಿಗೆಲ್ಲ ಕೇಳುವಂಥ ಗಂಟಲು. ಅವನ ಮನೆಯ ಹಾಲನ್ನು ಹೆಂಡತಿ ಮಾರಮ್ಮ ದಿನಕ್ಕೆರಡು ಸಲ ಹೊತ್ತು ತರುತ್ತಿದ್ದಳು. ವಾರದಲ್ಲಿ ಎರಡು ದಿನವಾದರೂ ಅದು ವಾಪಸ್ಸು ಹೋಗುತ್ತಿತ್ತು. ಅಧ್ಯಕ್ಷನ ಹಾಲನ್ನೇ ವಾಪಸ್ಸು ಕಳಿಸುವ ಹೆಂಗಸು ಬೇರೆ ಯಾವ ಡೈರಿಯಲ್ಲಿದ್ದಾಳೆ ಎಂದು ತಿಮ್ಮಯ್ಯ ಕುದಿಯುತ್ತಿದ್ದ. ಆದರೆ ಅವಳ ಲೆಕ್ಕ ತಪ್ಪು ಎಂದು ತೋರಿಸುವುದಕ್ಕೆ ಅವನಿಗೆ ಒಂದು ದಿನವೂ ಆಗಿರಲಿಲ್ಲ.

ಐವತ್ತು ದಾಟಿದ ಮೇಲೆ ರುದ್ರಮ್ಮನ ಕಣ್ಣಿನ ಮೇಲ್ರೆಪ್ಪೆಗಳು ಇಳಿಯತೊಡಗಿದವು. ಒಂದೇ ದಿನದಲ್ಲಿ ಅಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಜಾರಿ, ಕಣ್ಣಿನ ಕರಿಗುಡ್ಡೆಯ ಅರ್ಧಕ್ಕೆ ಬಂದು ನಿಂತವು. ಬೆಳಿಗ್ಗೆ ಪರವಾಗಿಲ್ಲ, ಸಂಜೆಯಾದರೆ ಭಾರ. ಎದುರಿನದನ್ನು ನೋಡಲು ಅವಳು ಹುಬ್ಬೆರಡನ್ನೂ ಹಣೆಯ ನಡುವಿಗೆ ಎತ್ತುತ್ತಿದ್ದಳು. ಅದೂ ಸಾಲದಾದಾಗ ಗದ್ದ ಮೇಲೆತ್ತಿ, ತಲೆ ಹಿಂದಕ್ಕೆ ವಾಲಿಸಿ, ರೆಪ್ಪೆಯ ಸಂದಿಯಿಂದ ಕೆಳಗೆ ನೋಡುತ್ತಿದ್ದಳು. ಹಣೆ ಸಿಡಿಯುತ್ತಿತ್ತು, ಕುತ್ತಿಗೆ ಸೆಟೆಯುತ್ತಿತ್ತು.

"ನಿದ್ದೆ ಸಾಲ್ದು ನಿಂಗೆ" ಎಂದು ಗಂಡ ಜವರಯ್ಯ ನಿರ್ಣಯ ಕೊಟ್ಟ. ಮಲಗಿದಲ್ಲೇ ಗೊರಕೆ ಹೊಡೆಯುವ ಅವನಿಗೆ ಲೋಕದ ಎಲ್ಲ ಕಾಯಿಲೆಗೂ ನಿದ್ದೆಯೇ ಮದ್ದು.

ಊರಿನವರು ನಿದ್ದೆ ಎನ್ನಲಿಲ್ಲ, ಸೊಕ್ಕು ಎಂದರು. "ನೋಡ್ರಲಾ, ಈಗ ಮಕ ಕೊಟ್ಟು ಮಾತೂ ಆಡಾಕಿಲ್ಲ, ಮೂಗಿನ ತುದೀಲಿ ನೋಡ್ತಾಳೆ." ಅವಳಿಗೆ ಮೊದಲಿಂದಲೂ ಸೊಕ್ಕಿನ ಹೆಸರಿದ್ದುದರಿಂದ ಅದು ಕಣ್ಣಿನ ತೊಂದರೆ ಇರಬಹುದೆಂದು ಹೆಚ್ಚಿನವರಿಗೆ ಹೊಳೆಯಲಿಲ್ಲ. ಹೊಳೆದ ಒಬ್ಬಿಬ್ಬರು ತುಂಬೆರಸ ಬಿಡು, ಹರಳೆಣ್ಣೆ ಸವರು ಎಂದರು. ಹುಲಿಕೆರೆಯಿಂದ ಬಂದ ಜವರಯ್ಯನ ಸೋದರತ್ತೆ ಯಾರೋ ಮಂತ್ರಿಸಿಕೊಟ್ಟ ದಾರ ತಂದು ಕೈಗೆ ಕಟ್ಟಲು ಬಂದಳು. "ರೆಪ್ಪೆ ಇರಾದು ಮಕದ ಮ್ಯಾಲೆ, ದಾರ ಕಟ್ಟಾದು ಕೈಗೆ. ಯಾವ ಬುದ್ಧಿವಂತ ಹೇಳ್ದ ನಿಮ್ಗೆ?" ಎಂದು ರುದ್ರಮ್ಮ ದಾರವನ್ನು ಒಲೆಗೆ ಹಾಕಿದಳು.

ಹೀಗಿರುವಾಗ ಒಂದು ಸಂಜೆ ಅವಳ ಲೆಕ್ಕ ತಪ್ಪಿತು. ಒಂದೇ ಹಸುವಿನ ಕಾಳಯ್ಯ ಎಂಬ ಬಡವ ಮೂರು ಲೀಟರ್ ಹಾಲು ತಂದಿದ್ದ. ಹನ್ನೆರಡು ವರ್ಷದಲ್ಲಿ ಒಂದು ಹನಿ ನೀರು ಬೆರೆಸದವನು. ರುದ್ರಮ್ಮ ಗದ್ದವೆತ್ತಿ ಲ್ಯಾಕ್ಟೋಮೀಟರ್ ನೋಡಿ, "ನೀನೂ ಸುರು ಮಾಡ್ಕಂಡೇನೋ?" ಎಂದು ಕ್ಯಾನು ತಳ್ಳಿದಳು. ಕಾಳಯ್ಯ ಕ್ಯಾನಿನ ಮುಚ್ಚಳ ಹಾಕಿಕೊಂಡ. ಅವನ ಹಿಂದೆ ನಿಂತಿದ್ದವನು ಬಗ್ಗಿ ನೋಡಿ, "ಸರ್ಯಾಗೇ ಐತಲ್ಲಕ್ಕ, ಇಪ್ಪತ್ತೆಂಟೈತೆ" ಎಂದ. ಅವಳು ಕಡ್ಡಿಯನ್ನು ಬಾಗಿಲ ಬೆಳಕಿಗೆ ಒಯ್ದು, ಬೆರಳಿಂದ ರೆಪ್ಪೆ ಎತ್ತಿ ಹಿಡಿದು ನೋಡಿದಳು. ಇಪ್ಪತ್ತೆಂಟೇ ಇತ್ತು. ಹಾಲು ಅಳೆಸಿಕೊಂಡಳು, ತಪ್ಪಾಯಿತು ಎನ್ನಲಿಲ್ಲ. ಆದರೆ ಇಷ್ಟು ವರ್ಷ ಊರಿನವರ ಮೇಲೆ ಸುರಿದ ತಿರಸ್ಕಾರವೆಲ್ಲ ತನ್ನ ಕಡೆಗೇ ತಿರುಗಿ ಕೂತಂತಾಗಿತ್ತು.

ತಿಮ್ಮಯ್ಯನಿಗೆ ಬೇಕಾಗಿದ್ದುದು ಸಿಕ್ಕಿತು. ಮುಂದಿನ ತಿಂಗಳ ವಾರ್ಷಿಕ ಸಭೆಯಲ್ಲಿ ಅವನು ಎದ್ದು ನಿಂತು, ಕಣ್ಣು ಅರ್ಧ ಮುಚ್ಚಿ, ಗದ್ದವನ್ನು ಚಾವಣಿಗೆ ಎತ್ತಿ, ಗಾಳಿಯಲ್ಲಿ ಕಡ್ಡಿ ಹಿಡಿದವನಂತೆ ತೂಕಡಿಸಿ ತೋರಿಸಿದ. "ನಮ್ ಟೆಸ್ಟರ್ ಅಮ್ಮಾರು ನಿದ್ದೆಗಣ್ಣಲ್ಲಿ ಡಿಗ್ರಿ ನೋಡ್ತಾರೆ. ಇಂಥೋರ್ನ ಇಟ್ಕಂಡು ಡೈರಿ ನಡೆಸಾದು ಹೆಂಗೆ ಸ್ವಾಮಿ?" ಜನ ಬಿದ್ದು ಬಿದ್ದು ನಕ್ಕರು. ನೀರು ಬೆರೆಸುವವರು ಎಲ್ಲರಿಗಿಂತ ಹೆಚ್ಚು ನಕ್ಕರು. ಮೂರು ತಿಂಗಳಲ್ಲಿ ಕಣ್ಣು ಸರಿಯಿದೆ ಎಂದು ಡಾಕ್ಟರ ಚೀಟಿ ತರಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು ಎಂದು ಠರಾವಾಯಿತು.

ಚೀಟಿಗೆಂದೇ ರುದ್ರಮ್ಮ ಅರಸೀಕೆರೆಗೆ ಹೊರಟಳು. ಅಲ್ಲಿ ರೈಲ್ವೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳ ಅಣ್ಣನ ಮಗಳು ಲಾವಣ್ಯ ಇದ್ದಳು. ಹಳೇಬೀಡಿನಲ್ಲಿ ಬಸ್ಸು ಬದಲಿಸಿ, ಜಾವಗಲ್ಲು, ಬಾಣಾವರ ದಾಟಿ ಹೋಗುವಷ್ಟರಲ್ಲಿ ಕುತ್ತಿಗೆ ಕಲ್ಲಾಗಿತ್ತು. ಲಾವಣ್ಯ ಬಾಗಿಲು ತೆಗೆದವಳೇ ಅತ್ತೆಯ ಮುಖ ನೋಡಿ ನಿಂತುಬಿಟ್ಟಳು. ಒಳಗೆ ಹೋಗಿ ತನ್ನ ಮದುವೆಯ ಆಲ್ಬಂ ತಂದಳು.

"ಅತ್ತೆ, ಇಲ್ಲಿ ನೋಡಿ. ಏಳು ವರ್ಷದ ಹಿಂದೆ ನಿಮ್ಮ ಕಣ್ಣು ಹೀಗಿತ್ತು. ಇದು ನಿದ್ದೆನೂ ಅಲ್ಲ, ವಯಸ್ಸೂ ಅಲ್ಲ. ಯಾಕೆ ಇಷ್ಟು ದಿನ ಸುಮ್ಮನಿದ್ರಿ?"

"ಯಾರ್ನ ಕೇಳ್ಲಿ? ಆ ದನ ಕಾಯೋರ್ನ ಕೇಳ್ಲಾ?"

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಅರಸೀಕೆರೆಯ ಒಂದು ಕಣ್ಣಿನ ಆಸ್ಪತ್ರೆಗೆ ಡಾಕ್ಟರ್ ಶಿಲ್ಪಶ್ರೀ ಬರುತ್ತಿದ್ದರು. ರೆಪ್ಪೆಯ ಶಸ್ತ್ರಚಿಕಿತ್ಸೆಯೇ ಅವರ ಕೆಲಸ. ಮೂವತ್ತೈದರ ಆ ಹುಡುಗಿಯನ್ನು ಕಂಡು ರುದ್ರಮ್ಮನಿಗೆ ಮೊದಲು ತಾತ್ಸಾರವೇ ಬಂತು. ಆದರೆ ಆಕೆ ಕೆಲಸ ಮಾಡುವ ರೀತಿ ನೋಡಿ ಸುಮ್ಮನಾದಳು. ಆಕೆ ಊಹೆ ಮಾಡಲಿಲ್ಲ, ಅಳೆದಳು. ಸಣ್ಣ ಅಳತೆಪಟ್ಟಿ ಹಿಡಿದು ಕಣ್ಣಗುಡ್ಡೆಯ ನಡುವಿನಿಂದ ರೆಪ್ಪೆಯ ಅಂಚಿಗೆ ಎಷ್ಟು ಎಂದು ನೋಡಿದಳು. ಹುಬ್ಬನ್ನು ಹೆಬ್ಬೆರಳಿಂದ ಒತ್ತಿಹಿಡಿದು, ಕೆಳಗೆ ನೋಡಿ, ಮೇಲೆ ನೋಡಿ ಎಂದಳು. ಎವೆಯಿಕ್ಕದೆ ಒಂದು ನಿಮಿಷ ಚಾವಣಿ ನೋಡಿಸಿದಳು. ಮುಚ್ಚಿದ ರೆಪ್ಪೆಯ ಮೇಲೆ ಐಸಿನ ಚೀಲ ಇಟ್ಟು, ಆಮೇಲೆ ಮತ್ತೆ ಅಳೆದಳು. ಜೊತೆಗೆ ಪ್ರಶ್ನೆಗಳು.

"ಇದು ಇದ್ದಕ್ಕಿದ್ದಂತೆ ಇಳೀತಾ, ನಿಧಾನಕ್ಕಾ?"

"ನಿಧಾನ್ಕೆ."

"ಒಂದೇ ವಸ್ತು ಎರಡಾಗಿ ಕಾಣುತ್ತಾ? ನುಂಗೋಕೆ ಕಷ್ಟ ಆಗುತ್ತಾ? ತಲೆ ಒಡೆದುಹೋಗೋ ಹಾಗೆ ನೋವು ಬಂದಿತ್ತಾ?"

"ಇಲ್ಲ. ಇವೆಲ್ಲ ಯಾಕ್ ಕೇಳ್ತೀರಿ ತಾಯಿ?"

ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ರೆಪ್ಪೆ ಬೀಳೋದಕ್ಕೆ ಹತ್ತು ಕಾರಣ ಇರುತ್ತೆ. ಕೆಲವರಿಗೆ ಸ್ನಾಯುವಿನ ಶಕ್ತಿಯೇ ಕುಂದಿರುತ್ತೆ, ಅವರಿಗೆ ಆಪರೇಷನ್ ಅಲ್ಲ, ಮಾತ್ರೆ ಕೊಡಬೇಕು. ಅದಕ್ಕೇ ಐಸಿಟ್ಟು ನೋಡಿದ್ದು. ಒಂದೇ ಕಡೆ ರೆಪ್ಪೆ ತಟ್ಟನೆ ಬಿದ್ದು, ತಲೆನೋವಿದ್ದು, ಕಣ್ಣೊಳಗಿನ ಕಪ್ಪು ಬೊಟ್ಟು ದೊಡ್ಡದಾಗಿದ್ರೆ ಅದು ಮಿದುಳಿನ ರಕ್ತನಾಳ ಊದಿರೋದು ಇರಬಹುದು. ಅಂಥೋರು ನನ್ನ ಹತ್ರ ಬರೋದೇ ತಪ್ಪು, ಆ ಗಳಿಗೇಲೇ ದೊಡ್ಡಾಸ್ಪತ್ರೆಗೆ ಓಡಬೇಕು. ನಿಮ್ಮದು ಇದ್ಯಾವುದೂ ಅಲ್ಲ. ರೆಪ್ಪೆ ಎತ್ತೋ ಸ್ನಾಯು ಚೆನ್ನಾಗೇ ಇದೆ. ಅದು ರೆಪ್ಪೆಗೆ ಅಂಟಿಕೊಂಡಿರೋ ಜಾಗ ಸಡಿಲ ಆಗಿದೆ. ಹಗ್ಗ ಗಟ್ಟಿ ಇದೆ, ಗೂಟ ಸಡಿಲ ಆಗಿದೆ ಅಂದ್ಕೊಳ್ಳಿ."

"ಗೂಟ ಬಿಗಿ ಮಾಡಾಕಾಯ್ತದಾ?"

"ಅದೇ ನನ್ನ ಕೆಲಸ."

ಆಪರೇಷನ್ ಎಂಬ ಮಾತು ಹಳ್ಳಿಗೆ ಅವಳಿಗಿಂತ ಮೊದಲೇ ಮುಟ್ಟಿತು. ಇಷ್ಟು ದಿನ ಸೊಕ್ಕು ಎಂದವರು ಈಗ ಶೋಕಿ ಎಂದರು. "ಮೊಮ್ಮಕ್ಕಳು ಆಡೋ ವಯಸ್ಸಲ್ಲಿ ಕಣ್ಣು ಚೆಂದ ಮಾಡಿಸ್ಕಂಡು ಯಾರ್ಗೆ ತೋರುಸ್ಬೇಕಂತೆ?" ಎಂದು ತಿಮ್ಮಯ್ಯ ಹಗರೆಯ ಹೋಟೆಲಿನಲ್ಲಿ ಕೇಳಿದ. ಜವರಯ್ಯನೂ ಅಳುಕಿ, "ಬ್ಯಾಡ ಬಿಡೆ, ಆಡ್ಕತಾರೆ" ಎಂದ.

"ಆಡ್ಕಳ್ಳಿ. ಅವ್ರ ಬಾಯಿ ಮುಚ್ಚಾಕೆ ಯಾವ ಡಾಕ್ಟ್ರೂ ಇಲ್ಲ" ಎಂದು ರುದ್ರಮ್ಮ ಬಟ್ಟೆ ಜೋಡಿಸಿಕೊಂಡಳು.

ಎರಡೂ ಕಣ್ಣಿಗೆ ಒಂದೇ ದಿನ ಆಯಿತು. ರೆಪ್ಪೆಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟರು, ಎಚ್ಚರ ತಪ್ಪಿಸಲಿಲ್ಲ. ಅದೇ ಅವಳಿಗೆ ಸೋಜಿಗ. ರೆಪ್ಪೆಯ ಮಡಿಕೆಯಲ್ಲಿ ಗೆರೆಯೆಳೆದಂತೆ ಕೊಯ್ದದ್ದು, ಏನೋ ಎಳೆದು ಹೊಲಿದದ್ದು ಗೊತ್ತಾಗುತ್ತಿತ್ತು, ನೋಯುತ್ತಿರಲಿಲ್ಲ. ನಡುವೆ ಡಾಕ್ಟರ್ ಅವಳನ್ನು ಎಬ್ಬಿಸಿ ಕೂರಿಸಿ, "ಕಣ್ಣು ಬಿಡಿ, ನನ್ನ ಮೂಗು ನೋಡಿ" ಎಂದಳು. ಎಡರೆಪ್ಪೆ ಒಂದು ನೂಲು ಕೆಳಗಿದೆ ಎಂದು ಮತ್ತೆ ಮಲಗಿಸಿ, ಹೊಲಿಗೆ ಬಿಚ್ಚಿ ಬಿಗಿ ಮಾಡಿದಳು. ಒಂದು ನೂಲಿನ ವ್ಯತ್ಯಾಸಕ್ಕೆ ಕೆಲಸ ತಿರುಗಿ ಮಾಡುವವರನ್ನು ರುದ್ರಮ್ಮ ಜೀವನದಲ್ಲಿ ಮೊದಲ ಸಲ ಕಂಡಿದ್ದಳು. ಅವಳು ಒಬ್ಬರನ್ನು ಮನಸಾರೆ ಮೆಚ್ಚಿದ್ದೂ ಬಹುಶಃ ಆಗಲೇ.

ವಾರವಿಡೀ ಕಣ್ಣು ಕಪ್ಪಾಗಿ ಊದಿತ್ತು. ಹೊಲಿಗೆ ಬಿಚ್ಚಿದ ಮೇಲೂ ಕೆಲವು ದಿನ ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ, ಮುಲಾಮು ಹಚ್ಚಿಕೊಂಡೇ ಮಲಗಬೇಕಿತ್ತು. ಆಮೇಲೆ ಎಲ್ಲ ಹದಕ್ಕೆ ಬಂತು. ಹುಬ್ಬು ಅದರ ಜಾಗಕ್ಕೆ ಇಳಿಯಿತು, ಗದ್ದ ಕೆಳಗೆ ಬಂತು, ಕುತ್ತಿಗೆ ಹಗುರಾಯಿತು. ಎತ್ತಿದ ತಲೆ ಇಳಿದದ್ದನ್ನು ಕಂಡ ಜನ, ಆಸ್ಪತ್ರೆಯವರು ಅವಳ ಸೊಕ್ಕನ್ನೂ ಕೊಯ್ದು ಕಳಿಸಿದ್ದಾರೆ ಎಂದರು. ಡಾಕ್ಟರ ಚೀಟಿಯನ್ನು ಅವಳು ಡೈರಿಯ ಗೋಡೆಗೆ ಅಂಟಿಸಿದಳು. ಮೊದಲ ದಿನವೇ ಒಂಬತ್ತು ಜನರ ಹಾಲು ವಾಪಸ್ಸು ಹೋಯಿತು.

ಇದಾಗಿ ಆರು ವಾರಕ್ಕೆ, ಒಂದು ಬೆಳಿಗ್ಗೆ, ಎಂದೂ ಡೈರಿಗೆ ಹಾಲು ಹೊರದ ತಿಮ್ಮಯ್ಯ ತಾನೇ ಬಂದ. ತಲೆಗೆ ಟವೆಲು ಬಿಗಿದು ಕಟ್ಟಿದ್ದ. ಎಡಗಣ್ಣಿನ ರೆಪ್ಪೆ ಪೂರ್ತಿ ಬಿದ್ದು, ಬಾಗಿಲು ಹಾಕಿದಂತೆ ಮುಚ್ಚಿಕೊಂಡಿತ್ತು.

"ಏನಣ್ಣಾ, ರುದ್ರಮ್ಮಾರ ರೆಪ್ಪೆ ನಿಂಗೆ ಅಂಟ್ಕತಾ?" ಎಂದು ಸಾಲಿನಿಂದ ಯಾರೋ ಕೂಗಿದರು. "ಅಣಕಿಸ್ದೆಯಲ್ಲ, ಶಾಪ ತಟ್ಟೈತೆ" ಎಂದ ಇನ್ನೊಬ್ಬ. ಕೆಲವು ತಿಂಗಳ ಹಿಂದೆ ಅವನ ಅಣಕಕ್ಕೆ ನಕ್ಕವರೇ ಈಗ ಅವನನ್ನು ನೋಡಿ ನಕ್ಕರು. ಈ ಜನರಿಗೆ ನಗಲು ಯಾರಾದರೊಬ್ಬರು ಸಿಕ್ಕರೆ ಸಾಕು ಎಂದು ರುದ್ರಮ್ಮನಿಗೆ ಅಸಹ್ಯವಾಯಿತು.

ತಿಮ್ಮಯ್ಯನೂ ನಗಲು ನೋಡಿದ. "ನೆನ್ನೆಯಿಂದ ತಲೆ ಸೀಳಂಗೆ ನೋಯ್ತೈತೆ ಕಣ್ರಲಾ. ಎದ್ದು ನೋಡ್ತೀನಿ, ಕಣ್ಣೇ ತೆರೀತಿಲ್ಲ. ರುದ್ರಮ್ಮೋರೆ, ನಿಮ್ ಡಾಕ್ಟ್ರು ಯಾವಾಗ ಬತ್ತಾರೆ?"

ರುದ್ರಮ್ಮ ಕೈಯಲ್ಲಿದ್ದ ಲ್ಯಾಕ್ಟೋಮೀಟರ್ ಇಟ್ಟು ಎದ್ದು ಬಂದಳು. ಕೇಳದೆಯೇ ಅವನ ರೆಪ್ಪೆಯನ್ನು ಬೆರಳಿಂದ ಎತ್ತಿದಳು. ಕಣ್ಣುಗುಡ್ಡೆ ಕಿವಿಯ ಕಡೆಗೆ ಓರೆಯಾಗಿ ಸರಿದಿತ್ತು. ನಡುವಿನ ಕಪ್ಪು ಬೊಟ್ಟು ಬಲಗಣ್ಣಿನದಕ್ಕಿಂತ ಎರಡು ಪಟ್ಟು ದೊಡ್ಡದಾಗಿತ್ತು.

"ನಾನು ಎಷ್ಟು ಜನ ಕಾಣ್ತೀನಿ?"

"ಇಬ್ರು."

ನನ್ನೊಬ್ಬಳನ್ನೇ ತಡೆದುಕೊಳ್ಳಲಾಗದವನು ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ಇದು ನಂಗಾಗಿದ್ದಲ್ಲ. ಈಗ್ಲೇ ಹಾಸನದ ದೊಡ್ಡಾಸ್ಪತ್ರೆಗೆ ನಡಿ. ತಲೆ ಒಳಗೆ ರಕ್ತದ ನರ ಊದಿರ್ಬೋದು."

"ಅಯ್, ನೀನೇನು ಡಾಕ್ಟ್ರಾ? ಬೇಲೂರಲ್ಲಿ ಅಂಜನ ಹಾಕೋರವ್ರೆ, ಉಂಡ್ಕಂಡು ಮಧ್ಯಾನ ಹೋಯ್ತೀನಿ."

ರುದ್ರಮ್ಮ ಲಾವಣ್ಯಳಿಗೆ ಫೋನು ಮಾಡಿ ಡಾಕ್ಟರ್ ಶಿಲ್ಪಶ್ರೀಯವರ ನಂಬರು ತೆಗೆದುಕೊಂಡಳು. ಡಾಕ್ಟರಿಗೆ ಕರೆ ಮಾಡಿ, ಕಂಡದ್ದನ್ನು ಕಂಡ ಹಾಗೆ ಹೇಳಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು. "ಅವರನ್ನ ನಡೆಸಬೇಡಿ, ಭಾರ ಎತ್ತಿಸಬೇಡಿ. ಒಂದು ಗಂಟೇನೂ ಕಾಯಬೇಡಿ. ಆ ನರ ಒಡೆದ್ರೆ ಆಮೇಲೆ ಯಾರೂ ಏನೂ ಮಾಡೋಕಾಗಲ್ಲ" ಎಂದಿತು ಆ ಕಡೆಯ ದನಿ. ಸಾಲಿನಲ್ಲಿ ನಗು ನಿಂತಿತು.

ತಿಮ್ಮಯ್ಯ ಆಗಲೂ ಗೋಡೆಗೊರಗಿ, ಹೆಂಗಸರ ಮಾತು ಕೇಳಿ ಹಾಸನಕ್ಕೆ ಹೋಗುವುದೇ ಎಂಬಂತೆ ಸುತ್ತ ನೋಡಿದ. ರುದ್ರಮ್ಮನಿಗೆ ತಡೆಯಲಾಗಲಿಲ್ಲ.

"ನೋಡು ತಿಮ್ಮಯ್ಯ. ನಿನ್ನ ಕಂಡ್ರೆ ನಂಗೆ ಆಗಲ್ಲ. ನೀನು ಕಳ್ಳ, ಮ್ಯಾಲೆ ದಡ್ಡ. ಇವತ್ತು ನೀನು ಸತ್ರೆ ನಾಳೆ ಈ ಊರೋರು ನಿನ್ ಫೋಟೋಗೆ ಹಾರ ಹಾಕಿ, ಅಂಥ ದೊಡ್ಮನುಷ್ಯ ಇರ್ಲಿಲ್ಲ ಅಂತಾರೆ. ಅದನ್ನ ಕೇಳ್ಕಂಡು ಕೂರಾಕೆ ನನ್ ಕೈಲಿ ಆಗಲ್ಲ. ಹತ್ತು ಗಾಡಿ."

ಅವಳು ಹೇಳಿದ್ದು ಸುಳ್ಳಲ್ಲ. ಅವನ ಮೇಲೆ ಕನಿಕರ ಹುಟ್ಟಿರಲಿಲ್ಲ. ಡೈರಿಯ ನಿರ್ದೇಶಕ ಗುರುಮೂರ್ತಿಯ ಓಮ್ನಿ ಹೊರಗೇ ನಿಂತಿತ್ತು. ಸುದ್ದಿ ಕೇಳಿ ಮಾರಮ್ಮ ಸೆಗಣಿ ಕೈಯಲ್ಲೇ ಓಡಿಬಂದಳು. ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ರುದ್ರಮ್ಮ ಮುಂದೆ ಹತ್ತಿದಳು. ಹಾಸನ ಮುಟ್ಟುವವರೆಗೂ ತಿಮ್ಮಯ್ಯ ಸಣ್ಣಗೆ ನರಳುತ್ತಿದ್ದ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದವರು ಬೇರೆ ಮಾತಾಡದೆ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಕಣ್ಣಿನ ನರಕ್ಕೆ ಒತ್ತಿಕೊಂಡಂತೆ ಮಿದುಳಿನ ರಕ್ತನಾಳ ದ್ರಾಕ್ಷಿಯಂತೆ ಊದಿತ್ತು. ಒಡೆದಿರಲಿಲ್ಲ. ತೊಡೆಯ ನಾಳದಿಂದ ಸಣ್ಣ ತಂತಿ ಕಳಿಸಿ ಅದನ್ನು ಮುಚ್ಚಿದರು.

ಮೂರು ವಾರಕ್ಕೆ ತಿಮ್ಮಯ್ಯ ನಡೆದುಕೊಂಡೇ ಊರಿಗೆ ಬಂದ. ರೆಪ್ಪೆ ಇನ್ನೂ ಅರ್ಧ ಇಳಿದಿತ್ತು, ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದಿದ್ದರು. ಬಂದ ವಾರದಲ್ಲೇ ಹಳೇಬೀಡಿನ ಹೋಟೆಲಿನಲ್ಲಿ ಕೂತು ಕಥೆ ಹೇಳತೊಡಗಿದ. ತಲೆನೋವು ಬಂದ ತಕ್ಷಣ ಇದು ನರದ್ದೇ ಎಂದು ತನಗೇ ಗೊತ್ತಾಯಿತಂತೆ. ಗುರುಮೂರ್ತಿಗೆ ತಾನೇ ಗಾಡಿ ತೆಗಿ ಎಂದನಂತೆ. ರುದ್ರಮ್ಮನ ಹೆಸರು ಆ ಕಥೆಯಲ್ಲಿ ಎಲ್ಲೂ ಇರಲಿಲ್ಲ. ಕೇಳಿದ ಜವರಯ್ಯ ಕೆರಳಿದ. ರುದ್ರಮ್ಮನಿಗೆ ಅಷ್ಟೇನೂ ಅನಿಸಲಿಲ್ಲ. ಅವನಿಂದ ಅವಳು ನಿರೀಕ್ಷಿಸಿದ್ದೂ ಅದನ್ನೇ.

ನಿರೀಕ್ಷಿಸದಿದ್ದರೂ ಬಂದವಳು ಮಾರಮ್ಮ. ಒಂದು ಮಧ್ಯಾಹ್ನ ಚೊಂಬಿನಲ್ಲಿ ತುಪ್ಪ ಹಿಡಿದು ರುದ್ರಮ್ಮನ ಮನೆಯ ಜಗುಲಿಗೆ ಬಂದು ನಿಂತಳು.

"ಅವ್ರು ಬಾಯ್ಬಿಟ್ಟು ಹೇಳಾಕಿಲ್ಲ. ನಾನು ಹೇಳಾಕೆ ಬಂದೆ. ನಿಮ್ಮಿಂದ ನನ್ ತಾಳಿ ಉಳೀತು."

"ತುಪ್ಪದಲ್ಲಿ ಏನು ಬೆರ್ಸಿದ್ದೀಯ?" ಎಂದಳು ರುದ್ರಮ್ಮ. ನಗಿಸಲು ಹೇಳಿದ್ದೂ ಅಲ್ಲ.

ಮಾರಮ್ಮ ಚೊಂಬನ್ನು ಕೆಳಗಿಟ್ಟಳು. "ಹಾಲಿಗೆ ನೀರು ಹಾಕ್ತಿದ್ದೋಳು ನಾನೇ. ಅವ್ರು ಹಾಕು ಅಂತಿದ್ರು, ನಾನು ಹಾಕ್ತಿದ್ದೆ. ಹಾಕ್ದಿದ್ರೆ ಏನಾಯ್ತಿತ್ತು ಅಂತ ನನ್ ಬೆನ್ನಿಗೆ ಗೊತ್ತು."

"ನಿಂಗೆ ಬಾಯಿರ್ಲಿಲ್ವಾ? ನನ್ ಹತ್ರ ಒಂದು ಮಾತು ಹೇಳಾಕೆ?"

"ಇತ್ತು. ದಿನಕ್ಕೆ ಎರಡ್ಸಲ ನಿಮ್ ಮುಂದೆ ನಿಲ್ತಿದ್ದೆ. ಒಂದಿನ ತುಟಿ ಒಡೆದಿತ್ತು, ಒಂದಿನ ಕೈಗೆ ಬಟ್ಟೆ ಕಟ್ಕಂಡಿದ್ದೆ. ನೀವು ನನ್ ಮಕ ಯಾವತ್ತು ನೋಡಿದ್ರಿ? ಕ್ಯಾನು ನೋಡೋರು, ಕಳ್ರು ಅನ್ನೋರು, ಕಳ್ಸೋರು."

ರೆಪ್ಪೆ ಬಿದ್ದಿತ್ತು, ಕಾಣುತ್ತಿರಲಿಲ್ಲ ಎಂದು ಹೇಳಲು ರುದ್ರಮ್ಮ ಬಾಯಿ ತೆರೆದಳು. ಆದರೆ ಆಪರೇಷನ್ ಆಗಿ ಎರಡು ತಿಂಗಳು ಮೀರಿತ್ತು. ಆಗಲೂ ಇವಳು ದಿನವೂ ಬಂದು ನಿಂತಿದ್ದಳು. ಅದಕ್ಕಿಂತ ಹಿಂದೆ ಕಣ್ಣು ನೆಟ್ಟಗಿದ್ದ ಹದಿನೆಂಟು ವರ್ಷವೂ ಇತ್ತು. ಊರಿನ ಯಾರ ಮಾತಿಗೂ ಬಿಸಿಯಾಗದಿದ್ದ ಮುಖ ಈಗ ಉರಿಯುತ್ತಿತ್ತು.

"ಕೂತ್ಕೋ ಮಾರಮ್ಮ. ಕಾಫಿ ಕಾಯಿಸ್ತೀನಿ."

"ಇಲ್ಲ ಕಣಕ್ಕ. ಹುಲ್ಲು ತರ್ಬೇಕು." ಅವಳು ಮೆಟ್ಟಿಲಿಳಿದು ತಿರುಗಿ ನಿಂತಳು. "ಈಗ ಅವ್ರಿಗೆ ಕೈ ಎತ್ತಾಕೆ ತ್ರಾಣಿಲ್ಲ. ನೀರು ಹಾಕಾದು ಬಿಟ್ಟಿದ್ದೀನಿ. ತ್ರಾಣ ಬಂದ್ಮೇಲೆ ಏನಾಯ್ತದೋ, ಆವತ್ತು ನಿಮ್ತಾವ ಬತ್ತೀನಿ. ಆವಾಗ ಬಾಗ್ಲು ತೆಗೀರಿ, ಸಾಕು."

"ತೆಗೀತೀನಿ" ಎಂದಳು ರುದ್ರಮ್ಮ.

ಮಾರಮ್ಮ ನಂಬಿದಳೋ ಇಲ್ಲವೋ, ತಲೆಯಾಡಿಸಿ ತೆಂಗಿನ ತೋಟದ ಕಡೆಗೆ ಹೋದಳು. ಅವಳು ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ಅದು ಹಳೆಯದೋ ಹೊಸದೋ ರುದ್ರಮ್ಮನಿಗೆ ತಿಳಿಯಲಿಲ್ಲ.